ಡಿಕ್ಕಿಯಲ್ಲಿದ್ದ ಮರಳು

ತಪಾಸಣೆಗೆ ನಿಂತಿದ್ದವರು ಡಿಕ್ಕಿ ತೆಗೆಯಲು ಹೇಳಿದರು. ತೆಗೆದೆ. ಒಳಗೆ ಎರಡು ಉದ್ದನೆಯ ಮರಳಿನ ಚೀಲ ಅಡ್ಡಡ್ಡ ಮಲಗಿದ್ದವು. ಒಂದೊಂದೂ 60 ಪೌಂಡು, ನಮ್ಮ ಲೆಕ್ಕದಲ್ಲಿ 27 ಕೆ.ಜಿ. ಅವರು ಕೈಗವಸಿನ ಬೆರಳಿನಲ್ಲೇ ತೋರಿಸಿ, ಇವು ಎರಡೂ ಇಳಿಯಬೇಕು ಎಂದರು. ಕಟ್ಟಿ ಭದ್ರ ಮಾಡದ ಸಾಮಾನು ಯಾವುದೂ ಕಾರಿನಲ್ಲಿ ಇರಕೂಡದು. ನೀರಿನ ಬಾಟಲಿ, ಕಾಲಡಿಯ ಮ್ಯಾಟು, ಸ್ಪ್ಯಾನರ್, ಯಾವುದೂ. ಕೋನ್‌ಗಳ ನಡುವೆ ಕಾರು ಓಡಿಸುವ ಆಟೋಕ್ರಾಸ್ ಪಂದ್ಯಕ್ಕೆ ಬಂದವರಿಗೆಲ್ಲ ಮೊದಲು ಹೇಳಿಕೊಡುವ ನಿಯಮ ಅದು, ಸರಿಯಾದ ನಿಯಮ. ನಾನು ಎದುರು ಮಾತಾಡಲಿಲ್ಲ. ಆದರೆ ಆ ಚೀಲಗಳನ್ನು ಒಂದೊಂದಾಗಿ ಎತ್ತಿ ಹಿಮದ ಮೇಲೆ ಇಡುವಾಗ ಎದೆ ಧಸಕ್ಕೆಂದಿತು.

ಅದು 2014ರ ಫೆಬ್ರವರಿ, ಒಂದು ಭಾನುವಾರ. ಅಮೆರಿಕದ ಮಿಶಿಗನ್ ರಾಜ್ಯ, ಡೆಟ್ರಾಯಿಟ್‌ನಿಂದ ಒಂದು ಗಂಟೆಯ ದಾರಿ. ಆ ಚಳಿಗಾಲವನ್ನು ಅಲ್ಲಿ ಕಳೆದವರು ಯಾರೂ ಮರೆತಿರಲಾರರು. ಜನವರಿಯಲ್ಲಿ ‘ಪೋಲಾರ್ ವೋರ್ಟೆಕ್ಸ್’ (ಧ್ರುವದ ಚಳಿಗಾಳಿಯ ಸುಳಿ) ಎಂಬ ಮಾತು ಟಿವಿಯಿಂದ ಇಳಿದು ಎಲ್ಲರ ಬಾಯಿಗೂ ಬಂತು. ಚಳಿಗಾಲ ಮುಗಿಯುವಷ್ಟರಲ್ಲಿ ಡೆಟ್ರಾಯಿಟ್‌ನಲ್ಲಿ ಬಿದ್ದ ಹಿಮ 94.9 ಇಂಚು; 1880-81ರಿಂದ ನಿಂತಿದ್ದ ದಾಖಲೆ ಮುರಿದುಹೋಯಿತು. ಆ ಭಾನುವಾರ ಬೆಳಿಗ್ಗೆ ಏಳೂವರೆಗೆ ಮೈನಸ್ 13 ಡಿಗ್ರಿ. ವಿಶಾಲವಾದ ಪಾರ್ಕಿಂಗ್ ಮೈದಾನ, ಅದರ ಮೇಲೆ ಗಟ್ಟಿಯಾಗಿ ತುಳಿದ ಹಿಮ, ಹಿಮದ ಮೇಲೆ ಸಾಲಾಗಿ ಕಿತ್ತಳೆ ಬಣ್ಣದ ಕೋನ್‌ಗಳು.

ಮರಳು ಕೊಂಡದ್ದು ಅಲ್ಲಿನ ಹಾರ್ಡ್‌ವೇರ್ ಅಂಗಡಿಯಲ್ಲಿ, ಬುದ್ಧಿ ಅಪ್ಪನದು. ಅಪ್ಪ ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಅಂಬಾಸಿಡರ್ ಓಡಿಸುತ್ತಿದ್ದರು. ಮಳೆಗಾಲ ಹಿಡಿಯಿತೆಂದರೆ ಡಿಕ್ಕಿಗೆ ಎರಡು ಮೂಟೆ ಬೀಳುತ್ತಿದ್ದವು. ಒಮ್ಮೆ ಮರಳು, ಒಮ್ಮೆ ಗೊಬ್ಬರ, ಏನೂ ಸಿಗದಿದ್ದರೆ ಜಲ್ಲಿ ತುಂಬಿದ ಗೋಣಿ. ಅಂಬಾಸಿಡರಿಗೆ ಎಂಜಿನ್ ಮುಂದೆ, ತಳ್ಳುವ ಚಕ್ರ ಹಿಂದೆ. ಹಿಂದೆ ಭಾರ ಇಲ್ಲದಿದ್ದರೆ ತೋಟದ ಮನೆಗಳ ಕೆಸರಿನ ಏರಿನಲ್ಲಿ ಚಕ್ರ ನಿಂತಲ್ಲೇ ಗಿರ್ರನೆ ತಿರುಗುತ್ತದೆ, ಕಾರು ಕದಲುವುದಿಲ್ಲ. ಮಣಿಪಾಲಕ್ಕೆ ರೋಗಿಗಳನ್ನು ಕರೆದೊಯ್ಯುವ ಬಾಡಿಗೆ ಬಂದರೆ ಅಂಥ ಏರು ಹತ್ತಿ, ಟಾರು ರಸ್ತೆ ಹಿಡಿದು, ಆಗುಂಬೆ ತಲುಪಬೇಕು. ಅಲ್ಲಿಂದ 14 ಹೇರ್‌ಪಿನ್ ತಿರುವುಗಳ ಇಳಿಜಾರು. ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ ಬೀಳುವ ಊರು ಅದು. ಜುಲೈನಲ್ಲಿ ಘಾಟಿಯ ರಸ್ತೆ ಹೊಳೆಯಂತೆ ಹರಿಯುತ್ತದೆ. ಘಾಟಿ ಇಳಿಯುವ ಮೊದಲು ಅಪ್ಪ ಪರಿಚಯದ ಹೋಟೆಲಿನ ಜಗಲಿಯಲ್ಲಿ ಮೂಟೆಗಳನ್ನು ಇಳಿಸಿಬಿಡುತ್ತಿದ್ದರು. ಎರಡು ನಿಮಿಷದ ಕೆಲಸ. ವಾಪಸು ಬರುವಾಗ ಮತ್ತೆ ತುಂಬಿಕೊಳ್ಳುತ್ತಿದ್ದರು. ರಜೆಯಲ್ಲಿ ಜೊತೆಗೆ ಹೋದ ಒಂದೆರಡು ಸಲ ಮುಂದಿನ ಸೀಟಿನಲ್ಲಿ ಕೂತು ಇದನ್ನು ನೋಡಿದ್ದೇನೆ. ಯಾಕೆ ಎಂದು ಕೇಳಿದ್ದಕ್ಕೆ ಅಪ್ಪ ಹೇಳಿದ್ದು: “ಹತ್ತಕ್ಕೆ ಮೂಟೆ ಬೇಕು ಪುಟ್ಟಿ, ಇಳಿಯಕ್ಕೆ ಬ್ಯಾಡ.”

ಮಿಶಿಗನ್ನಿಗೆ ಬರುವಾಗ ನನ್ನ ತಲೆಯಲ್ಲಿ ಉಳಿದಿದ್ದದ್ದು ಆ ಮಾತಿನ ಮೊದಲರ್ಧ ಮಾತ್ರ.

ನನ್ನ ಕಾರು 1990ರ ಮಜ್ದಾ ಮಿಯಾಟಾ, ಕೆಂಪು ಬಣ್ಣದ್ದು. 1989ರ ಫೆಬ್ರವರಿಯಲ್ಲಿ ಶಿಕಾಗೊ ಪ್ರದರ್ಶನದಲ್ಲಿ ಲೋಕಕ್ಕೆ ಕಾಣಿಸಿಕೊಂಡ ಮೊದಲ ತಲೆಮಾರಿನದು. ಎರಡೇ ಸೀಟು, ಮಡಚುವ ಬಟ್ಟೆಯ ಟಾಪು, ಗುಂಡಿ ಒತ್ತಿದರೆ ಎದ್ದು ನಿಲ್ಲುವ ಹೆಡ್‌ಲೈಟು. ಅಂಬಾಸಿಡರಿನಂತೆ ಇದಕ್ಕೂ ತಳ್ಳುವ ಚಕ್ರ ಹಿಂದೆ. 1.6 ಲೀಟರಿನ ಎಂಜಿನ್, 116 ಅಶ್ವಶಕ್ತಿ, ಒಟ್ಟು ತೂಕ ಸುಮಾರು 1000 ಕೆ.ಜಿ. ಅಂಥ ದೊಡ್ಡ ಬಲವೇನೂ ಅಲ್ಲ. ಆದರೆ ಆ ತೂಕವನ್ನು ಮುಂದೆ ಹಿಂದೆ ಹೆಚ್ಚುಕಡಿಮೆ ಸಮನಾಗಿ ಹಂಚಲು ಅದನ್ನು ಕಟ್ಟಿದವರು ಪಟ್ಟ ಕಷ್ಟ ದೊಡ್ಡದು. ಎಂಜಿನನ್ನು ಆದಷ್ಟು ಹಿಂದಕ್ಕೆ ಸರಿಸಿದರು, ಬ್ಯಾಟರಿಯನ್ನು ಬಾನೆಟ್ಟಿನಡಿಯಿಂದ ತೆಗೆದು ಡಿಕ್ಕಿಯಲ್ಲಿಟ್ಟರು. ಸವಾರ, ಕುದುರೆ ಎರಡೂ ಒಂದೇ ಮೈ ಆಗಬೇಕು ಎಂಬರ್ಥದ ಜಪಾನೀ ಮಾತೊಂದು, ‘ಜಿಂಬಾ ಇಟ್ಟಾಯ್’, ಅವರ ಮುಂದೆ ಯಾವಾಗಲೂ ಇತ್ತಂತೆ. ಆ ಸಮತೋಲದ ಮೇಲೆ ನಾನು 54 ಕೆ.ಜಿ. ಮರಳು ಹೇರಿದ್ದೆ, ಅದೂ ಹಿಂದಿನ ಚಕ್ರಗಳಿಗಿಂತಲೂ ಆಚೆ.

ಆ ಊರಿನಲ್ಲಿ ಮಿಯಾಟಾ ಇದ್ದವರು ನವೆಂಬರಿನಲ್ಲಿ ಕಾರಿಗೆ ಹೊದಿಕೆ ಹೊದಿಸಿ ಗ್ಯಾರೇಜಿನಲ್ಲಿ ಮಲಗಿಸುತ್ತಾರೆ. ಮತ್ತೆ ಎಬ್ಬಿಸುವುದು ಏಪ್ರಿಲಿನಲ್ಲಿ. ಹಿಮ ಕರಗಿಸಲು ರಸ್ತೆಗೆ ಎರಚುವ ಉಪ್ಪು ಬಾಗಿಲ ಕೆಳಗಿನ ತಗಡಿನೊಳಗೆ ಸೇರಿ ತುಕ್ಕು ಹಿಡಿಸುತ್ತದೆ. ನನಗೆ ಇದ್ದದ್ದು ಅದೊಂದೇ ಕಾರು. ಡಿಸೆಂಬರಿನಲ್ಲಿ ನಾಲ್ಕೂ ಚಕ್ರಕ್ಕೆ ಹಿಮದ ಟಯರು ಹಾಕಿಸಿದೆ. ಬೇಸಿಗೆಯ ಟಯರಿನ ರಬ್ಬರು 7 ಡಿಗ್ರಿಗಿಂತ ಕೆಳಗೆ ಗಡುಸಾಗುತ್ತದೆ, ಹಿಮದ ಟಯರಿನದು ಮೆತ್ತಗೇ ಉಳಿಯುತ್ತದೆ. ಅದರ ಮೈತುಂಬ ಬ್ಲೇಡಿನಲ್ಲಿ ಸೀಳಿದಂಥ ಸಣ್ಣ ಗೆರೆಗಳು, ಅವುಗಳೊಳಗೆ ಹಿಮ ತುಂಬಿಕೊಂಡು ನೆಲದ ಹಿಮವನ್ನು ಕಚ್ಚುತ್ತದೆ. ಟಯರು, ಮರಳು ಎರಡೂ ಸೇರಿ ಮನೆಯ ಮುಂದಿನ ಏರನ್ನು ಸಲೀಸಾಗಿ ಹತ್ತುತ್ತಿದ್ದೆ. ಒಂದು ಸಂಜೆ ಮಾತ್ರ, ಆಫೀಸಿನಿಂದ ಬರುವಾಗ, ವೃತ್ತದಲ್ಲಿ ಹಿಂಬದಿ ತಟ್ಟನೆ ಹೊರಕ್ಕೆ ಬಂತು. ಬಹಳ ಹೊತ್ತು ಕೈ ನಡುಗುತ್ತಿತ್ತು. ಮಂಜುಗಡ್ಡೆ ಇತ್ತೇನೋ ಅಂದುಕೊಂಡು ಸುಮ್ಮನಾದೆ.

ಆಟೋಕ್ರಾಸಿಗೆ ನನ್ನನ್ನು ಎಳೆದು ತಂದವನು ಆಫೀಸಿನಲ್ಲಿ ಜೊತೆಗಿದ್ದ ಹುಬ್ಬಳ್ಳಿಯ ಹುಡುಗ. ನಾಲ್ಕೂ ಚಕ್ರ ಎಳೆಯುವ ಸುಬಾರು ಅವನದು. ಚಳಿಗಾಲದ ಒಂದು ಪಂದ್ಯವನ್ನೂ ತಪ್ಪಿಸುತ್ತಿರಲಿಲ್ಲ. ಒಂದು ಸಲಕ್ಕೆ ಒಂದೇ ಕಾರು, ಎದುರಾಳಿ ಗಡಿಯಾರ ಮಾತ್ರ. ಕೋನ್ ಬೀಳಿಸಿದರೆ ಎರಡು ಸೆಕೆಂಡು ಕೂಡಿಸುತ್ತಾರೆ. ದಾರಿ ತಪ್ಪಿದರೆ ಆ ಓಟ ಲೆಕ್ಕಕ್ಕಿಲ್ಲ. ಬೇಸಿಗೆಯಲ್ಲಿ ಸೀಮೆಸುಣ್ಣದಲ್ಲಿ ಕೋನಿನ ಸುತ್ತ ಚೌಕ ಬರೆಯುತ್ತಾರೆ. ಹಿಮದ ಮೇಲೆ ಸೀಮೆಸುಣ್ಣ ನಿಲ್ಲುವುದಿಲ್ಲವೆಂದು ಅಂದು ಕೆಂಪು ಬಣ್ಣ ಸ್ಪ್ರೇ ಮಾಡಿದ್ದರು. ಬಿಳಿಯ ಮೇಲೆ ಕುಂಕುಮ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಓಡಿಸುವ ಮೊದಲು ದಾರಿಯನ್ನು ನಡೆದು ನೋಡಬೇಕು. ನಾವಿಬ್ಬರೂ ಮೂರು ಸಲ ನಡೆದೆವು. ಕಾಲಡಿಯಲ್ಲಿ ಹಿಮ ಕರಕರ ಸದ್ದು ಮಾಡುತ್ತಿತ್ತು. ಹಾಗೆ ಸದ್ದು ಮಾಡುವ ಹಿಮ ಒಳ್ಳೆಯದು, ಅದರಲ್ಲಿ ಹಿಡಿತ ಇದೆ ಎಂದ ಹುಬ್ಬಳ್ಳಿಯವನು. ಚಳಿ ಹೆಚ್ಚಿದಷ್ಟೂ ಜಾರು ಹೆಚ್ಚು ಎಂದು ನಾನು ತಿಳಿದಿದ್ದೆ, ನಿಜ ಹಾಗಿಲ್ಲ. ಮೈನಸ್ ಹದಿನೈದರ ಮಂಜುಗಡ್ಡೆಗಿಂತ ಸೊನ್ನೆಯ ಹತ್ತಿರದ್ದು ಎಷ್ಟೋ ಜಾರು, ಅದರ ಮೈಮೇಲೆ ನೀರಿನ ತೆಳು ಪೊರೆ ಇರುತ್ತದೆ. ಮೊದಲು ಐದು ಕೋನ್‌ಗಳ ನಡುವೆ ಹಾವಿನಂತೆ ಹೊರಳಿ ಸಾಗುವ ಸ್ಲಾಲಮ್, ಆಮೇಲೆ ಕೋನ್ ಜೋಡಿಗಳಿಂದಾದ, ಅಕ್ಕಪಕ್ಕ ಸರಿದ ಮೂರು ಬಾಗಿಲು, ಆಮೇಲೆ ಎಡಕ್ಕೆ ದೊಡ್ಡದೊಂದು ತಿರುವು, ಕೊನೆಗೆ ಇಕ್ಕಟ್ಟಾದ ಬಲತಿರುವು ಮತ್ತು ಗುರಿ. ಎಡ ತಿರುವಿನಲ್ಲಿ ನೆಲ ಹೊರಕ್ಕೆ ತುಸು ಇಳಿಜಾರಾಗಿತ್ತು, ಮಳೆನೀರು ಹರಿದುಹೋಗಲೆಂದು ಕಟ್ಟುವಾಗಲೇ ಇಟ್ಟ ಇಳಿಜಾರು. ನಡೆಯುವಾಗ ಅದು ನನ್ನ ಗಮನಕ್ಕೆ ಬರಲಿಲ್ಲ.

ಮೊದಲ ಓಟ. ಹೆಲ್ಮೆಟ್ಟಿನೊಳಗಿನ ಉಸಿರು ಪ್ಲಾಸ್ಟಿಕ್ಕಿನ ಹಿಂಗಿಟಕಿಯ ಒಳಮೈಗೆ ಅಂಟಿ ಬೆಳ್ಳಗಾಗಿತ್ತು. ಹಿಮದಲ್ಲಿ ಒಂದನೇ ಗೇರಿನಲ್ಲಿ ಹೊರಟರೆ ಚಕ್ರ ಸುಮ್ಮನೆ ಸುತ್ತುತ್ತದೆ, ಎರಡನೆಯದರಲ್ಲೇ ಹೊರಡಬೇಕು. ಈ ಕಾರಿನ ಗೇರ್‌ಬಾಕ್ಸಿನ ಎಣ್ಣೆ ಚಳಿಗೆ ಮಂದವಾದರೆ ಎರಡನೇ ಗೇರು ಬೀಳಲು ಹಟ ಮಾಡುತ್ತದೆ. ಒತ್ತಿ ಹಿಡಿದು ಕೂತೆ. ಬಾವುಟ ಬಿತ್ತು. ಕ್ಲಚ್ಚನ್ನು ನಿಧಾನಕ್ಕೆ ಬಿಟ್ಟೆ. ಸ್ಲಾಲಮ್ ದಾಟಿತು. ಬಾಗಿಲುಗಳೂ ದಾಟಿದವು. ಪರವಾಗಿಲ್ಲ ಅನ್ನಿಸಿ ಆಕ್ಸಿಲರೇಟರ್ ಸ್ವಲ್ಪ ಒತ್ತಿ ಎಡ ತಿರುವಿಗೆ ನುಗ್ಗಿದೆ. ಕಾರು ಹೊರಕ್ಕೆ ಹೊರಕ್ಕೆ ಸರಿಯತೊಡಗಿತು. ಹೆದರಿದೆ, ಆಕ್ಸಿಲರೇಟರಿನಿಂದ ಕಾಲನ್ನು ಪೂರ್ತಿ ಎತ್ತಿಬಿಟ್ಟೆ.

ಅಲ್ಲೇ ಆದದ್ದು. ಕಾಲು ಎತ್ತಿದ ಕ್ಷಣ ಭಾರವೆಲ್ಲ ಮೂಗಿನ ಕಡೆ ಓಡಿತು. ಹಿಂದಿನ ಚಕ್ರಗಳು ಹಗುರವಾದವು. ಅದೇ ಹೊತ್ತಿಗೆ ಎಂಜಿನ್ ಅವನ್ನು ಹಿಡಿದು ಜಗ್ಗಿತು. ನನ್ನ ಬಲ ತೊಡೆಗೆ ಮೊದಲು ಗೊತ್ತಾಯಿತು. ಕೂತ ಸೀಟನ್ನು ಯಾರೋ ಬಲಕ್ಕೆ ಎಳೆದಂತೆ. ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದೆ, ಸರಿಯಾಗಿಯೇ ತಿರುಗಿಸಿದೆ, ಹಿಂಬದಿ ನಿಂತಿತು. ಆದರೆ ತಿರುಗಿಸಿದ್ದನ್ನು ಹೊತ್ತಿಗೆ ಸರಿಯಾಗಿ ನೇರಕ್ಕೆ ತರಲಿಲ್ಲ. ಹಿಡಿತ ಮರಳಿದ್ದೇ ತಡ, ಮೂಗು ಬಲಕ್ಕೆ ಹಾರಿತು, ಹಿಂಬದಿ ಈಗ ಎಡಕ್ಕೆ, ಮೊದಲಿನ ಎರಡರಷ್ಟು ಜೋರಾಗಿ. ಗಾಜಿನಾಚೆ ಕೋನ್‌ಗಳು, ದೂರದ ಬೋಳು ಮರಗಳು, ನಿಂತ ಜನ, ಮತ್ತೆ ಕೋನ್‌ಗಳು. ಎಂಜಿನ್ ಆಫ್ ಆಯಿತು. ಕಾರು ಬಂದ ದಾರಿಗೆ ಮುಖ ಮಾಡಿ ನಿಂತಿತ್ತು. ಎದ್ದ ಹಿಮದ ಪುಡಿ ಬಾನೆಟ್ಟಿನ ಮೇಲೆ ಇಳಿಯುತ್ತಿತ್ತು, ಬಹಳ ನಿಧಾನವಾಗಿ. ಇಡೀ ಘಟನೆ ನಡೆದಾಗ ವೇಗ ಗಂಟೆಗೆ 40 ಕಿ.ಮೀ. ಕೂಡ ಇರಲಿಲ್ಲ.

ಕಾರು ನಿಲ್ಲಿಸುವ ಜಾಗಕ್ಕೆ ವಾಪಸು ಬಂದಾಗ ಹುಬ್ಬಳ್ಳಿಯವನು ಕಾದು ನಿಂತಿದ್ದ. “ಅಕ್ಕಾರ, ನೀವು ಗಾಡಿ ಜೋಡಿ ಜಗಳಾ ಮಾಡಾಕತ್ತೀರಿ. ಕಾಲು ಹಂಗ ಒಮ್ಮಿಗೇ ತಗೀಬ್ಯಾಡ್ರಿ. ಹಗರಕ ಬಿಡ್ರಿ. ಸ್ಟೇರಿಂಗ್ ಕೊಟ್ಟ ಮ್ಯಾಲೆ ಸ್ವಲ್ಪ ತಡೀರಿ, ಅದು ತಾನ ತಿರಗತೈತಿ.” ಆಮೇಲೆ ಬದಿಯಲ್ಲಿ ಬಿದ್ದಿದ್ದ ಮರಳು ಚೀಲಗಳನ್ನು ನೋಡಿ, “ಇವು ಡಿಕ್ಕಿಯೊಳಗ ಇದ್ದಿದ್ರ ಇನ್ನೂ ಎರಡು ಸುತ್ತು ಹೊಡೀತಿತ್ತು,” ಎಂದ.

ಹುಡುಗ ತೋರಿಸಿದ ಆ ಚೀಲಗಳ ಮುಂದೆ ನಿಂತಾಗ ಅಪ್ಪನ ಮಾತಿನ ಉಳಿದರ್ಧ ನೆನಪಾಯಿತು. ಇಳಿಯಕ್ಕೆ ಬ್ಯಾಡ. ಇಳಿಯುವುದೆಂದರೆ ಘಾಟಿಯೇ ಆಗಬೇಕಾಗಿಲ್ಲ. ಕಾಲು ಎತ್ತಿದರೂ, ಬ್ರೇಕ್ ಒತ್ತಿದರೂ ಭಾರ ಮುಂದಕ್ಕೆ ಇಳಿಯುತ್ತದೆ. ಆಗ ಹಿಂದಿನ ಮೂಟೆ ಚಕ್ರವನ್ನು ಒತ್ತಿ ಹಿಡಿಯುವುದಕ್ಕಿಂತ ಹೆಚ್ಚಾಗಿ ಬಾಲವನ್ನು ಬೀಸುತ್ತದೆ, ಹಗ್ಗದ ತುದಿಗೆ ಕಟ್ಟಿದ ಕಲ್ಲಿನ ಹಾಗೆ. ಒಮ್ಮೆ ಬೀಸಲು ಶುರುವಾದರೆ ನಿಲ್ಲಿಸುವುದು ಕಷ್ಟ. ವೃತ್ತದಲ್ಲಿ ಆ ಸಂಜೆ ನಡೆದದ್ದೂ ಇದೇ. ಅಪ್ಪ ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವರು. ಭೌತಶಾಸ್ತ್ರದ ಪುಸ್ತಕ ಮುಟ್ಟಿದವರಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿದ ನನಗೆ ಇದು ಲೆಕ್ಕದಲ್ಲಿ ಗೊತ್ತಿತ್ತು, ಮೈಗೆ ಗೊತ್ತಿರಲಿಲ್ಲ.

ಎರಡನೇ ಓಟದಲ್ಲಿ ಸುತ್ತು ಹೊಡೆಯಲಿಲ್ಲ. 74 ಸೆಕೆಂಡು, ಒಂದು ಕೋನು ಬಿತ್ತು. ಹೆದರಿ ಓಡಿಸಿದ ಓಟ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಆಮೇಲೆ ನಮ್ಮ ಗುಂಪಿಗೆ ಮೈದಾನದ ಕೆಲಸ. ಈ ಆಟದಲ್ಲಿ ಓಡಿಸುವವರೇ ಸರದಿಯ ಮೇಲೆ ಬಿದ್ದ ಕೋನ್ ಎತ್ತಿಡಬೇಕು. ಕೈಯಲ್ಲಿ ಕೆಂಪು ಬಾವುಟ, ಪಕ್ಕದಲ್ಲಿ ಬೆಂಕಿ ಆರಿಸುವ ಸಿಲಿಂಡರು. ನನ್ನನ್ನು ಎಡ ತಿರುವಿನ ಒಳಬದಿಗೆ ನಿಲ್ಲಿಸಿದರು. ನನ್ನ ಭಾಗ್ಯ ಅದು. ಒಂದೂವರೆ ಗಂಟೆ ಚಳಿಯಲ್ಲಿ ನಿಂತು ಕಲಿತದ್ದನ್ನು ಸೀಟಿನಲ್ಲಿ ಕೂತು ಕಲಿಯಲು ನನಗೆ ವರ್ಷಗಳೇ ಬೇಕಾಗುತ್ತಿದ್ದವು.

ಒಣ ಟಾರಿನ ಮೇಲೆ ಇದೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿದುಹೋಗುತ್ತದೆ. ಕಾರು ಮೂಗು ಬಗ್ಗಿಸಿದ್ದು ಯಾವಾಗ, ಹಿಂಬದಿ ಬಿಟ್ಟದ್ದು ಯಾವಾಗ, ನೋಡುವವರಿಗೂ ಗೊತ್ತಾಗುವುದಿಲ್ಲ, ಓಡಿಸುವವರಿಗಂತೂ ಇಲ್ಲ. ಹಿಮದಲ್ಲಿ ಹಿಡಿತ ಒಣ ರಸ್ತೆಯ ಮೂರರಲ್ಲಿ ಒಂದು ಪಾಲೂ ಇರುವುದಿಲ್ಲ. ಅದೇ ಸಂಗತಿ ಸೈಕಲ್ಲಿನಷ್ಟು ವೇಗದಲ್ಲಿ, ಬಿಡಿಬಿಡಿಯಾಗಿ, ಕಣ್ಣೆದುರು ನಡೆಯುತ್ತದೆ. ಮುಂದಿನ ಚಕ್ರ ಎಳೆಯುವ ಕಾರುಗಳು ಮೂಗು ನೇರ ಇಟ್ಟುಕೊಂಡು ಹೊರಕ್ಕೆ ಜಾರಿ ಕೋನ್‌ಗಳನ್ನು ಉಜ್ಜುತ್ತಿದ್ದವು. ಸುಬಾರುಗಳು ನಾಲ್ಕೂ ಕಾಲಿನಲ್ಲಿ ಕೆರೆದುಕೊಂಡು ದಾಟುತ್ತಿದ್ದವು. ಹಿಂದಿನ ಚಕ್ರದವು ಬಂದರೆ ನನ್ನ ಮೈಯೆಲ್ಲ ಕಣ್ಣು.

ಅವುಗಳಲ್ಲಿ ಒಂದು ಹಳೆಯ ಬಿಎಂಡಬ್ಲ್ಯು. ಓಡಿಸುತ್ತಿದ್ದವರಿಗೆ ಎಪ್ಪತ್ತರ ಹತ್ತಿರ ಇರಬೇಕು. ಅಷ್ಟು ಹೊತ್ತಿಗೆ ಬಿಸಿಲು ಏರಿ ಚಳಿ ಮೈನಸ್ 4ಕ್ಕೆ ಬಂದಿತ್ತು. ನೂರಾರು ಸಲ ಚಕ್ರ ಉಜ್ಜಿ ಉಜ್ಜಿ, ಎಲ್ಲರೂ ಹಿಡಿಯುವ ದಾರಿ ಕನ್ನಡಿಯಾಗಿತ್ತು. ಬಗ್ಗಿ ನೋಡಿದರೆ ಆಕಾಶ ಕಾಣುತ್ತಿತ್ತು. ಉಳಿದವರೆಲ್ಲ ಆ ಕನ್ನಡಿಯ ಮೇಲೇ ತಿರುಗಲು ಹೆಣಗುತ್ತಿದ್ದರೆ, ಅವರು ಒಂದು ಕಾರಿನಗಲ ಹೊರಗೆ, ಯಾರೂ ತುಳಿಯದ ಒರಟು ಹಿಮದ ಮೇಲೆ ಬ್ರೇಕ್ ಹಾಕುತ್ತಿದ್ದರು, ಅಲ್ಲೇ ತಿರುಗುತ್ತಿದ್ದರು, ಮೂಗು ಒಳಕ್ಕೆ ಬಂದ ಮೇಲೆ ಕನ್ನಡಿಯನ್ನು ನೇರವಾಗಿ ದಾಟಿ ಆಚೆಯ ಒರಟಿಗೆ ಸೇರುತ್ತಿದ್ದರು. ಕನ್ನಡಿಯನ್ನು ದಾಟಿದರೇ ಹೊರತು ಒಮ್ಮೆಯೂ ಅದರ ಮೇಲೆ ತಿರುಗಲಿಲ್ಲ. ಹಿಂದಿನ ಚಕ್ರ ಸದಾ ತುಸು ಜಾರುತ್ತಿತ್ತು, ಸ್ಟೇರಿಂಗ್ ಹೆಚ್ಚುಕಡಿಮೆ ನೇರವಿತ್ತು. ಎಂಜಿನ್ನಿನ ಸದ್ದು ಒಂದೇ ಸಮ. ತಿರುವಿನುದ್ದಕ್ಕೂ ಕಾಲು ಅಲ್ಲಾಡಲಿಲ್ಲ. ನೋಡುತ್ತಾ ನೋಡುತ್ತಾ ನನ್ನ ಕಣ್ಣಲ್ಲಿ ನೀರು ಬಂತು, ಬರೀ ಚಳಿಗೆ ಬಂದದ್ದಲ್ಲ. ಅಪ್ಪ ಘಾಟಿ ಇಳಿಯುವಾಗಲೂ ಎಂಜಿನ್ ಹೀಗೇ ಒಂದೇ ಶ್ರುತಿಯಲ್ಲಿ ಗುನುಗುತ್ತಿತ್ತು. ಆ ಸದ್ದಿಗೆ ನಾನು ನಿದ್ದೆ ಹೋಗಿದ್ದೇನೆ.

ಮೂರನೇ ಓಟಕ್ಕೆ ಹುಬ್ಬಳ್ಳಿಯವನು ಪಕ್ಕದ ಸೀಟಿನಲ್ಲಿ ಕೂತ. ಬಾಯಿ ಬಿಟ್ಟದ್ದು ಎರಡೇ ಸಲ. ಸ್ಲಾಲಮ್ಮಿನಲ್ಲಿ, “ಮುಂದಿನ ಕೋನ್ ನೋಡಬ್ಯಾಡ್ರಿ, ಅದರಾಚಿದು ನೋಡ್ರಿ.” ಎಡ ತಿರುವಿನ ಮುಂಚೆ, “ಬ್ರೇಕ್ ಈಗ, ಇಲ್ಲೇ, ಒರಟಿನ ಮ್ಯಾಲೆ.” ಚಕ್ರ ಬಿಗಿದು ನಿಲ್ಲದಂತೆ ತಡೆಯುವ ಎಬಿಎಸ್ ನನ್ನ ಕಾರಿಗೆ ಇಲ್ಲ. ಚಕ್ರ ಬಿಗಿದು ನಿಂತರೆ ಸಡಿಲ ಹಿಮದಲ್ಲಿ ಟಯರಿನ ಮುಂದೆ ಹಿಮ ಗುಡ್ಡೆಯಾಗಿ ಅದೇ ತಡೆಯಾಗುತ್ತದೆ, ಕಾರು ಬೇಗ ನಿಲ್ಲುತ್ತದೆ. ಕನ್ನಡಿಯ ಮೇಲೆ ಅದೇ ಕೆಲಸ ಮಾಡಿದರೆ ಜಾರುಬಂಡಿ. ಒರಟಿನ ಮೇಲೆ ಒತ್ತಿದೆ, ಬಿಟ್ಟೆ, ಸ್ಟೇರಿಂಗ್ ಕೊಟ್ಟೆ, ತಡೆದೆ. ಒಂದು ಸೆಕೆಂಡು ಏನೂ ಆಗಲಿಲ್ಲ. ಆ ಒಂದು ಸೆಕೆಂಡು ಸುಮ್ಮನಿರುವುದೇ ಇಡೀ ದಿನದಲ್ಲಿ ನಾನು ಮಾಡಿದ ಅತಿ ಕಷ್ಟದ ಕೆಲಸ. ಮೂಗು ಒಳಕ್ಕೆ ಬಂತು. ತೊಡೆಗೆ ಮತ್ತೆ ಗೊತ್ತಾಯಿತು, ಸೀಟು ಬಲಕ್ಕೆ ಸರಿಯುತ್ತಿದೆ. ಈ ಸಲ ಕಾಲನ್ನು ಎತ್ತಲಿಲ್ಲ. ಒಂದು ಕಾಗದದ ದಪ್ಪದಷ್ಟು ಒತ್ತಿದೆ. ಭಾರ ಹಿಂದಕ್ಕೆ ಕೂತಿತು. ಹಿಂಬದಿ ಅಲ್ಲೇ, ಜಾರಿದಷ್ಟೇ ಜಾರಿ, ನಿಂತುಕೊಂಡಿತು. ತಿರುವು ಮುಗಿಯುವವರೆಗೂ ಕಾರು ಹಾಗೇ ಓರೆಯಾಗಿ, ಶಾಂತವಾಗಿ ಬಂತು. ಪಕ್ಕದಲ್ಲಿದ್ದವನು “ಹಾಂ!” ಎಂದ, ಅಷ್ಟೇ. 69 ಸೆಕೆಂಡು, ಕೋನ್ ಬಿದ್ದಿರಲಿಲ್ಲ.

ನಾಲ್ಕನೆಯದು 66. ನಾನು ಒಬ್ಬಳೇ ಓಡಿಸಿದ್ದು. ಹಿಂದಿನ ಚಕ್ರದ ಐದು ಕಾರುಗಳಲ್ಲಿ ಮೂರನೇ ಸ್ಥಾನ. ಬಿಎಂಡಬ್ಲ್ಯುವಿನವರು ನನಗಿಂತ ಐದು ಸೆಕೆಂಡು ಮುಂದಿದ್ದರು. ಅವರ ಹತ್ತಿರ ಹೋಗಿ ಕೈ ಕುಲುಕಿ, ನಿಮ್ಮನ್ನು ನೋಡಿ ಕಲಿತೆ ಎಂದೆ. ಅವರು ನನ್ನ ಕಾರಿನ ಕಡೆ ತಿರುಗಿ, ಚಳಿಗಾಲದಲ್ಲಿ ಇದನ್ನು ಹೊರಗೆ ತಂದಿದ್ದೀರಲ್ಲ, ಅದು ಸಂತೋಷ ಎಂದರು. ಸಿಕ್ಕ ಸ್ಥಾನಕ್ಕಿಂತ ಆ ಮಾತು ನನಗೆ ಹೆಚ್ಚು.

ಸಂಜೆ ನಾಲ್ಕೂವರೆಗೆ ಎಲ್ಲರೂ ಹೊರಟರು. ನಾನು ಕಾರು ನಿಲ್ಲಿಸಿದ್ದ ಜಾಗ ತಗ್ಗು. ಮಧ್ಯಾಹ್ನದ ಬಿಸಿಲಿಗೆ ಕರಗಿದ ಹಿಮ ಈಗ ಹೆಪ್ಪುಗಟ್ಟಿತ್ತು. ಚೀಲಗಳನ್ನು ಡಿಕ್ಕಿಗೆ ಹಾಕುವ ಮುಂಚೆ ಕಾರನ್ನು ಹತ್ತಿರ ತರೋಣವೆಂದು ಸ್ಟಾರ್ಟ್ ಮಾಡಿದೆ. ಬಲ ಹಿಂಚಕ್ರ ಗಿರ್ರೆಂದಿತು. ಎಡಚಕ್ರ ಕದಲಲೇ ಇಲ್ಲ. ನನ್ನ ಕಾರಿನದು ಮಾಮೂಲಿ ಡಿಫರೆನ್ಷಿಯಲ್, ಒಂದು ಚಕ್ರಕ್ಕೆ ನೆಲ ಸಿಗದಿದ್ದರೆ ಇನ್ನೊಂದಕ್ಕೂ ಬಲ ಹೋಗುವುದಿಲ್ಲ. ಅಪ್ಪನ ಅಂಬಾಸಿಡರಿನದೂ ಹಾಗೇ. ಹ್ಯಾಂಡ್‌ಬ್ರೇಕ್ ಎರಡು ಹಲ್ಲು ಎಳೆದು ನೋಡಿದೆ. ಕದಲಿತು, ಮತ್ತೆ ಅದೇ ಗುಂಡಿಗೆ ಬಿತ್ತು. ಹುಬ್ಬಳ್ಳಿಯವನು ಬಂದು ತಳ್ಳಿದ, ಅವನ ಕಾಲೇ ಜಾರಿತು.

ಇಳಿದು, ಚೀಲದ ಹತ್ತಿರ ಹೋಗಿ, ಕೀಲಿಯ ಮೊನೆಯಿಂದ ಅದರ ಮೂಲೆ ಸೀಳಿದೆ. ಮರಳು ಒಳಗೆ ಒಣಗಿಯೇ ಇತ್ತು. ಕೈಗವಸು ತೆಗೆದು ಬೊಗಸೆಯಲ್ಲಿ ತುಂಬಿ ತಂದು ಬಲಚಕ್ರದ ಮುಂದೆ ಸುರಿದೆ, ಎಡಚಕ್ರದ ಮುಂದೂ ಸುರಿದೆ, ಒಂದು ಮಾರುದ್ದ, ಗದ್ದೆಯಲ್ಲಿ ಬೀಜ ಎರಚುವ ಹಾಗೆ. ಬೆರಳು ಮರಗಟ್ಟಿದವು. ಎರಡನೇ ಗೇರು, ಕ್ಲಚ್ ನಿಧಾನ. ಮರಳು ಚಕ್ರದಡಿ ಚರಚರ ಎಂದಿತು. ಕಾರು ಒಂದೇ ಉಸಿರಿಗೆ ತಗ್ಗು ದಾಟಿ ಮೇಲೆ ಬಂತು.

ಆಚೆ ಇನ್ನೊಂದು ಕಾರು ಸಿಕ್ಕಿಕೊಂಡಿತ್ತು. ಹುಬ್ಬಳ್ಳಿಯವನು ಅರ್ಧ ಖಾಲಿಯಾದ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡು ಆಗಲೇ ಆ ಕಡೆ ಹೊರಟಿದ್ದ. “ಅಕ್ಕಾರ, ಆ ಇನ್ನೊಂದು ಚೀಲಾನೂ ತರ್ರಿ,” ಎಂದು ಕೂಗಿದ.